ಒರೆಸಿದರೂ ಅಳಿಯದ ಹಲಗೆ

ಕೊಚಬಾಂಬ ನಗರದ ದಕ್ಷಿಣದ ಗುಡ್ಡಗಳಲ್ಲಿ ದೊಡ್ಡವರ ಸಂಜೆಶಾಲೆಯ ಮಾತು ಬಂದರೆ ಮೊದಲು ನೆನಪಾಗುವ ಹೆಸರು ರೆಂಬೆರ್ತೊ ಅಯ್ಯಾವಿರಿ ಅವರದು. ನಾವು ‘ಪ್ರೊಫೆ’ ಎಂದೇ ಕರೆಯುವ ಈ ಮೇಷ್ಟ್ರು ನಿವೃತ್ತರಾಗುವ ಹೊತ್ತಿನಲ್ಲಿ, ಮುಪ್ಪಿನಲ್ಲಿ ಅವರಿಂದ ಅಕ್ಷರ ಕಲಿತ ನನಗೆ ನಾಲ್ಕು ಮಾತು ಬರೆಯುವ ಭಾಗ್ಯ ಸಿಕ್ಕಿದೆ.

ಸೀಮೆಸುಣ್ಣದಿಂದ ಶುರುಮಾಡಿದ ಅವರು, ಶಾಲೆಗೆ ಹಳೆಯ ಕಂಪ್ಯೂಟರುಗಳು ಬಂದ ವರ್ಷ, ಗುಡ್ಡಕ್ಕೆ ನೀರು ತಂದ ಕಥೆಯನ್ನು ಎಲ್ಲರೂ ಸೇರಿ ಅಂತರ್ಜಾಲದ ಒಂದೇ ಪುಟದಲ್ಲಿ ಬರೆಯೋಣ ಎಂದರು. ನನ್ನ ವಾಕ್ಯದೊಳಗೆ ಬೇರೆಯವರ ಅಕ್ಷರ ಮೂಡಿದರೆ, ಹೇಳದೆ ಕೇಳದೆ ನೆರೆಯವಳು ಅಡುಗೆಮನೆಗೆ ನುಗ್ಗಿದಂತೆ ನನಗೆ ರೇಗುತ್ತಿತ್ತು. ಅಳಿಸಬೇಡಿ, ಪಕ್ಕದಲ್ಲಿ ಟಿಪ್ಪಣಿ ಹಾಕಿ ಕೇಳಿ ಎಂದು ಪ್ರೊಫೆ ತಾಳ್ಮೆಯಿಂದ ಹೇಳಿಕೊಟ್ಟರು. ನೀರಿನ ಕೊಳವೆ ಹೂಳಲು ಕಾಲುವೆ ತೋಡಿಸಿದ, ನಾವೆಲ್ಲ ಗೌರವದಿಂದ ‘ದೊನ್’ ಎನ್ನುತ್ತಿದ್ದ ಇಲಾರಿಯೊ ತಮ್ಮ ಭಾಗ ಮುಗಿಸಿ, ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಜೀವಮಾನದಲ್ಲಿ ಬರೆದದ್ದು ಅಷ್ಟೇ, ಅದಿದ್ದದ್ದು ಆ ಪುಟದಲ್ಲಿ ಮಾತ್ರ. ಅವರು ಬಿಟ್ಟುಹೋದ ಕುರ್ಚಿಗೆ ಅವರ ಹೆಂಡತಿ, ನಮಗೆಲ್ಲ ‘ದೋನ್ಯಾ’ ಆದ ಸೆನೊಬಿಯಾ ಬಂದು ಕೂತರು.

ಕೊನೆಗೆ ಹೊರಡುವವರು ಹಲಗೆ ಒರೆಸಿ ಹೋಗುವುದು ನಮ್ಮ ಶಾಲೆಯ ರೂಢಿ. ಒಂದು ಸಂಜೆ ಹಾಗೆ ಕೊನೆಗೆ ಎದ್ದವರು ಸೆನೊಬಿಯಾ. ಮರುದಿನ ನೋಡಿದರೆ ಪುಟ ಖಾಲಿ.

“ಎಲ್ರೂ ಹೋದ್ರಲ್ಲ ಅಂತ ಹಲಗೆ ಥರಾನೇ ಈ ಪುಟಾನೂ ನಾನೇ ಒರೆಸ್ದೆ, ಪ್ರೊಫೆ,” ಎಂದರು ಸೆನೊಬಿಯಾ. “ನೀವು ಬೇರೆ ಕಡೆ ಬರ್ಕೊಂಡಿರ್ತೀರ ಅಂದ್ಕೊಂಡೆ. ನಮ್ ಮುದುಕಂದೂ ಹೋಯ್ತಾ?”

“ಬದುಕಿದ್ದಾಗ ಅವರ ಬಾಯಿ ಮುಚ್ಸೋಕಾಗ್ಲಿಲ್ಲ, ಈಗ ಮುಚ್ಸಿದೆಯಲ್ಲ ತಾಯಿ,” ಎಂದಳು ದರ್ಜಿ ಫಿಲೊಮೆನಾ. ಯಾರೂ ನಗಲಿಲ್ಲ.

ಪ್ರೊಫೆ ಗದರಲಿಲ್ಲ, ಕುರ್ಚಿ ಎಳೆದುಕೊಂಡು ಸೆನೊಬಿಯಾ ಪಕ್ಕದಲ್ಲಿ ಕೂತರು.

“ಈ ಹಲಗೆ ಒರೆಸಿದ್ರೂ ಮರೆಯಲ್ಲ, ದೋನ್ಯಾ. ನಿನ್ನೆ ಹೇಗಿತ್ತು ಅಂತ ಅದನ್ನೇ ಕೇಳೋಣ. ಇಲ್ಲಿ ಒತ್ತಿ, ನೀವೇ.”

ಅವರು ಒತ್ತಿದರು. ಬರೆದದ್ದೆಲ್ಲ ಇದ್ದಲ್ಲಿಗೇ ಮರಳಿತು. ಇಲಾರಿಯೊ ಅವರ ಭಾಗದ ಮೊದಲ ಸಾಲನ್ನು ಸೆನೊಬಿಯಾ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದರು: ‘ಕಾಲುವೆ ತೋಡುವಾಗ ನನ್ನ ಹೆಂಡತಿ ತಂದ ಊಟಕ್ಕೆ ಉಪ್ಪು ಹೆಚ್ಚಾಗಿತ್ತು.’

“ಇದೊಂದನ್ನ ಒರೆಸ್ಬೋದಿತ್ತು,” ಎಂದು ಕಣ್ಣೊರೆಸಿಕೊಂಡರು. ಆಗ ನಕ್ಕ ನಗೆಯಲ್ಲಿ ನಮ್ಮೆಲ್ಲರ ಎದೆಯ ಭಾರ ಇಳಿಯಿತು.

ಇಂಥ ಗುರುಗಳಿಗೆ ದೀರ್ಘಾಯುಸ್ಸು, ಗುಡ್ಡ ಹತ್ತಲು ಗಟ್ಟಿ ಮೊಣಕಾಲು ಇರಲಿ. ಗುಡ್ಡದ ಮುಂದಿನ ಕಥೆ ಬರೆಯಲು ಅದೇ ಪುಟಕ್ಕೆ ಅವರೂ ಬಂದು ನಮ್ಮೊಡನೆ ಕೂರಲಿ. ಮೊನ್ನೆ ಅವರ ಕಡೆಯ ಪಾಠ ಮುಗಿದಾಗಲೂ ಕೊನೆಗೆ ಎದ್ದವರು ಸೆನೊಬಿಯಾ. ಒರೆಸುವ ಬಟ್ಟೆ ಎತ್ತಿಕೊಂಡು, ಹಲಗೆಯ ಮೇಲಿದ್ದ ಪ್ರೊಫೆಯ ಅಕ್ಷರಗಳನ್ನು ನೋಡುತ್ತ ನಿಂತು, ಒರೆಸದೆ ಬಟ್ಟೆಯನ್ನು ಮತ್ತೆ ಮೊಳೆಗೆ ತಗುಲಿಹಾಕಿ ಬಂದರು.