ಮುನ್ನೂರ ಹನ್ನೆರಡನೇ ಜಾಯಿಂಟಿನ ಚಿಟ್ಟೆಗಳು

ಬೆಳಗಿನ ಐದೂವರೆ. ಬೆಟ್ಟದ ನೆತ್ತಿಯ ನೀರಿನ ತೊಟ್ಟಿಯ ಪಕ್ಕ ಒಬ್ಬರು ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಮೊಳದುದ್ದದ ಸ್ಪ್ಯಾನರು. ಅದರ ಒಂದು ತುದಿ ಕಬ್ಬಿಣದ ಪೈಪಿಗೆ ತಾಗಿದೆ, ಇನ್ನೊಂದು ತುದಿ ಅವರ ಕಿವಿಯ ಹಿಂದಿನ ಮೂಳೆಗೆ. ಕಣ್ಣು ಮುಚ್ಚಿ, ಉಸಿರು ಹಿಡಿದು ಕೇಳುತ್ತಾರೆ. ಆಮೇಲೆ "ಸರಿ ಇದ್ದೀಯ, ಬಿಡು" ಎಂದು ಪೈಪಿಗೇ ಹೇಳಿ ಎದ್ದು ಆರು ಮೀಟರ್ ಕೆಳಗಿಳಿದು ಮುಂದಿನ ಜಾಯಿಂಟಿನ ಮುಂದೆ ಮತ್ತೆ ಮಂಡಿಯೂರುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಪೈಪಣ್ಣ ಎಂದು. ಬೆಟ್ಟದ ತೊಟ್ಟಿಯಿಂದ ತಪ್ಪಲಿನ ದೊಡ್ಡ ಉದ್ಯಾನಕ್ಕೆ ನೀರು ಇಳಿಸುವ ಮೂರೂವರೆ ಕಿಲೋಮೀಟರ್ ಪೈಪ್‌ಲೈನಿನ ಕಾವಲು ಇವರದು. ಆ ಲೈನಿನಲ್ಲಿ ಐನೂರ ಎಂಬತ್ಮೂರು ಜಾಯಿಂಟುಗಳಿವೆ. ನೆಲದ ಮೇಲೆ ಕಾಣುವ ಪ್ರತಿಯೊಂದಕ್ಕೂ ಬಿಳಿ ಬಣ್ಣದಲ್ಲಿ ಅಂಕಿ ಬರೆದವರು ಇವರೇ. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಏಳು ಕಿಲೋಮೀಟರ್ ಏರುವುದು, ಇಳಿಯುವುದು. ಉದ್ಯಾನದ ಹುಲ್ಲಿನ ಮೇಲೆ ಕಾಲು ಚಾಚಿ ಕೂರುವವರಿಗೆ ಈ ಲೆಕ್ಕ ಗೊತ್ತಿಲ್ಲ. ಗೊತ್ತಾಗಬೇಕೆಂದು ಯಾರಿಗೂ ಅನಿಸಿಯೂ ಇಲ್ಲ. ಕಾರಂಜಿ ತಾನಾಗಿಯೇ ಚಿಮ್ಮುತ್ತದೆ, ಹೂವು ತಾನಾಗಿಯೇ ಅರಳುತ್ತದೆ ಎಂದುಕೊಂಡು ಫೋಟೋ ತೆಗೆಸಿಕೊಂಡು ಮನೆಗೆ ಹೋಗುವ ಜನ ನಾವು.

ಲೈನು ಹಾಕುವಾಗ ಪೈಪಣ್ಣ ಪೈಪು ಹೊರುವ ಕೂಲಿ. ಒಂದು ಪೈಪಿಗೆ ನಾಲ್ಕು ಹೆಗಲು. ಬಲ ಹೆಗಲಿನಲ್ಲಿ ಇಂದಿಗೂ ಒಂದು ತಗ್ಗು ಇದೆ, ಅಂಗಿಯ ಹೊಲಿಗೆ ಅಲ್ಲಿ ಜೋಲುತ್ತದೆ. ಕೆಲಸ ಮುಗಿದ ಮೇಲೆ ಉಳಿದವರೆಲ್ಲ ಗಂಟುಮೂಟೆ ಕಟ್ಟಿದರು, ಇವರೊಬ್ಬರನ್ನು ಉಳಿಸಿಕೊಂಡರು. "ಯಾಕೆ ಅಂದ್ರೆ, ಯಾವ ಜಾಯಿಂಟು ಸರಿಯಾಗಿ ಕೂತಿಲ್ಲ ಅಂತ ನಂಗೆ ಮಾತ್ರ ಗೊತ್ತಿತ್ತು. ಕೂರಿಸ್ದೋನು ನಾನೇ ಅಲ್ವಾ!" ಎಂದು ನಗುತ್ತಾರೆ. ನಕ್ಕಾಗ ಮೇಲಿನ ಎರಡು ಹಲ್ಲುಗಳ ಜಾಗ ಖಾಲಿ ಕಾಣುತ್ತದೆ. ತುಕ್ಕು ಹಿಡಿದ ಬೋಲ್ಟೊಂದು ತುಂಡಾಗಿ, ಸ್ಪ್ಯಾನರು ಹಾರಿ ಬಾಯಿಗೆ ಬಡಿದ ದಿನ ಹೋದವು. ಕಚೇರಿಯವರು ಅಂದು ಮೊದಲು ವಿಚಾರಿಸಿದ್ದು ಬೋಲ್ಟಿನ ಬಗ್ಗೆ.

ಮುನ್ನೂರ ಹನ್ನೆರಡನೇ ಜಾಯಿಂಟಿನ ಕತೆ ಶುರುವಾಗುವುದು ಮೊದಲ ವರ್ಷದ ಬೇಸಿಗೆಯಲ್ಲಿ. ಅದು ಹನಿಯುತ್ತಿತ್ತು. ಬಿಗಿ ಮಾಡಲು ಹೋದರೆ ಪೈಪೇ ಕಾಣಿಸಲಿಲ್ಲ. ಒದ್ದೆ ಮಣ್ಣಿನ ಮೇಲೆ, ಕಲ್ಲಿನ ಮೇಲೆ, ಬೋಲ್ಟಿನ ತಲೆಯ ಮೇಲೆ ಸಂದಿಲ್ಲದಂತೆ ಚಿಟ್ಟೆಗಳು ಕೂತಿದ್ದವು. ಹಸಿ ಮಣ್ಣಿನ ಉಪ್ಪಿನಂಶ ಹೀರಲು ಅವು ಹಾಗೆ ಗುಂಪುಗೂಡುತ್ತವೆ ಎಂಬುದು ಇವರಿಗೆ ಆಗ ತಿಳಿಯದು. "ಎದ್ದು ಹೋಗ್ಲಿ, ಆಮೇಲೆ ಬಿಗಿ ಮಾಡೋಣ ಅಂತ ಕೂತೆ. ಬಿಸಿಲು ಇಳಿಯೋವರೆಗೂ ಏಳ್ಲಿಲ್ಲ. ನಾಳೆ ಮಾಡಿದ್ರಾಯ್ತು ಅಂದ್ಕೊಂಡೆ. ನಾಳೆ ನಾಳೆ ಅಂತ ಇಪ್ಪತ್ತಾರು ವರ್ಷ ಆಯ್ತು ನೋಡಿ."

ಬೇಸಿಗೆಯಲ್ಲಿ ಒಂಬತ್ತು ಗಂಟೆಯ ಹೊತ್ತಿಗೆ ಅಲ್ಲಿಗೆ ತಲುಪಿ ಬುತ್ತಿ ಬಿಚ್ಚುವುದು ಇವರ ಪರಿಪಾಠ. ಪುಸ್ತಕದ ಹೆಸರುಗಳು ಇವರಿಗೆ ಬೇಕಿಲ್ಲ, ತಾವೇ ಇಟ್ಟುಕೊಂಡಿದ್ದಾರೆ. ಹಳದಿ ಬಣ್ಣದ ಚಿಕ್ಕದು ನಿಂಬೆಹೋಳು. ಕಂದು ರೆಕ್ಕೆ ಮಡಚಿ ಅಲುಗಾಡದೆ ಕೂತು, ಕೆಲಸ ಮಾಡುತ್ತಿದೆಯೋ ನಿದ್ದೆ ಹೊಡೆಯುತ್ತಿದೆಯೋ ತಿಳಿಯದಂತಿರುವುದು ಗುಮಾಸ್ತ. ಕೂತು, ಎದ್ದು, ಮತ್ತೆ ಕೂತು, ಯಾವ ಜಾಗವೂ ಒಪ್ಪಿಗೆಯಾಗದ ನೀಲಿಯದು ಚೌಕಾಸಿ. ಕಪ್ಪು ಮೈಗೆ ಹಸಿರು ಪಟ್ಟಿ ಹೊತ್ತು ಎಲ್ಲರಿಗಿಂತ ತಡವಾಗಿ ಬರುವ ದೊಡ್ಡದು ಬೀಗ್ತಿ. ಅವಳು ಇಳಿದರೆ ಮಿಕ್ಕವೆಲ್ಲ ಸರಿದು ಜಾಗ ಬಿಡಬೇಕು.

ಈ ಜಾಗದ ಸುದ್ದಿ ಹೇಗೋ ಹರಡಿತು. ಉದ್ದನೆಯ ಲೆನ್ಸು ಹೊತ್ತವರು ಬೆಟ್ಟ ಹತ್ತತೊಡಗಿದರು. ಉದ್ಯಾನದ ಬಾಗಿಲಲ್ಲಿ ಒಂದು ಬೋರ್ಡು ಬಂತು: ಎಪ್ಪತ್ತೊಂದು ಜಾತಿಯ ಚಿಟ್ಟೆಗಳು, ಪ್ರಕೃತಿದತ್ತ ತೇವದ ತಾಣ. ಪ್ರಕೃತಿ ಎಂದರೆ ಇಲ್ಲಿ ಒಂದು ಸವೆದ ವಾಷರು ಮತ್ತು ಪೈಪಣ್ಣನ ಸ್ಪ್ಯಾನರು. ಬೋರ್ಡಿನ ತುದಿಯಲ್ಲಿ ಫೋಟೋ ತೆಗೆದ ಒಂಬತ್ತು ಮಂದಿಗೆ ಧನ್ಯವಾದ ಹೇಳಿದ್ದಾರೆ. ಇವರಿಗೆ ಸಿಕ್ಕಿದ್ದು ಬೇರೆ ಮಾತು. "'ಅಣ್ಣಾ, ಸ್ವಲ್ಪ ಪಕ್ಕಕ್ಕೆ ಸರೀರಿ, ನಿಮ್ಮ ಕಾಲು ಫೋಟೋದಲ್ಲಿ ಬರ್ತಾ ಇದೆ' ಅಂತಾರೆ. ಸರೀತೀನಿ. ನನ್ನ ಕಾಲು ನೋಡೋಕೆ ಯಾರು ಬೆಟ್ಟ ಹತ್ತುತಾರೆ?"

ಈ ಬೇಸಿಗೆಯಲ್ಲಿ ಮಾತ್ರ ಆ ಕಾಲಿನ ಕೆಳಗಿನ ನೆಲವೇ ಅಲುಗಾಡಿತು. ಲೈನಿನ ಎರಡೂ ತುದಿಗೆ ಹೊಸ ಮೀಟರು ಕೂರಿಸಿದರು. ತೊಟ್ಟಿಯಿಂದ ಹೊರಟ ನೀರಿಗೂ ಉದ್ಯಾನ ತಲುಪಿದ ನೀರಿಗೂ ದಿನಕ್ಕೆ ನಾಲ್ಕು ಸಾವಿರ ಲೀಟರಿನ ವ್ಯತ್ಯಾಸ. ಮೇಲಿನವರಿಂದ ಕಾಗದ ಬಂತು: ಹತ್ತು ದಿನದಲ್ಲಿ ಸೋರಿಕೆ ನಿಲ್ಲದಿದ್ದರೆ ಲೈನು ಗುತ್ತಿಗೆಗೆ, ಪೈಪಣ್ಣ ಮನೆಗೆ. ಆ ಮನೆಯೂ ಉದ್ಯಾನದ ಹಿಂಬಾಗಿಲಿನ ಒಂದು ಕೋಣೆಯ ವಸತಿ. ಕೆಲಸ ಹೋದರೆ ಅದೂ ಹೋಗುತ್ತದೆ. ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ.

ಹೊಸದಾಗಿ ಬಂದಿದ್ದ ಎಂಜಿನಿಯರ್ ಮೇಡಂ ಮೊದಲ ದಿನವೇ ಲೈನು ನೋಡಲು ಹತ್ತಿದರು. ಇಡೀ ಲೈನು ಒಣಗಿತ್ತು. ಮುನ್ನೂರ ಹನ್ನೆರಡು ಮಾತ್ರ ಹನಿಯುತ್ತಿತ್ತು.

"ಇದು ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು ಮೇಡಂ. ದಿನಕ್ಕೆ ಎರಡು ಕೊಡ ಅಷ್ಟೆ. ಚಿಟ್ಟೆಗೆ ಅಂತ ಬಿಟ್ಟಿದ್ದೀನಿ."

"ಎರಡು ಕೊಡ ದೊಡ್ಡದಲ್ಲ. ಆದ್ರೆ ಗೊತ್ತಿದ್ದೂ ಒಂದು ಬಿಟ್ಟಿದ್ದೀರಿ ಅಂದ್ಮೇಲೆ, ಮಿಕ್ಕ ಐನೂರ ಎಂಬತ್ತೆರಡೂ ಸರಿ ಇವೆ ಅಂತ ನಿಮ್ಮ ಮಾತನ್ನ ನಾನು ಹೇಗೆ ನಂಬಲಿ?"

ಆ ಮಾತು ನೋಯಿಸಿದಷ್ಟು ಹಲ್ಲು ಹೋದ ದಿನವೂ ನೋಯಲಿಲ್ಲ ಎನ್ನುತ್ತಾರೆ ಪೈಪಣ್ಣ. ಕೂತಿದ್ದ ಚಿಟ್ಟೆಗಳನ್ನು ಅಂಗೈ ಬೀಸಿ ಎಬ್ಬಿಸಿ, ಮೇಡಂ ಎದುರಿಗೇ ನಾಲ್ಕು ಬೋಲ್ಟನ್ನೂ ಬಿಗಿ ಮಾಡಿದರು. ಹನಿ ನಿಂತಿತು. ಚಿಟ್ಟೆಗಳು ಎರಡು ದಿನ ಬಂದು ಒಣ ಮಣ್ಣನ್ನೇ ತಡಕಿ ನೋಡಿದವು. ಮೂರನೇ ದಿನ ಒಂದೂ ಬರಲಿಲ್ಲ. ಬುತ್ತಿಯನ್ನು ಬಿಚ್ಚದೆ ವಾಪಸ್ ತಂದಿದ್ದಕ್ಕೆ ಮನೆಯಾಕೆ ಗದರಿದರು.

ಮೀಟರಿನ ವ್ಯತ್ಯಾಸ ಆ ಎರಡು ಕೊಡದಾಚೆ ಒಂದು ಲೀಟರೂ ಇಳಿಯಲಿಲ್ಲ. ಪೈಪಣ್ಣ ಮತ್ತೆ ಮೇಲಿಂದ ಶುರು ಮಾಡಿದರು. ಪ್ರತಿ ಜಾಯಿಂಟಿಗೂ ಸ್ಪ್ಯಾನರು ಇಟ್ಟು, ಕಿವಿ ಕೊಟ್ಟು, ಮಣ್ಣು ಕೆದಕಿ ನೋಡಿದರು. ಕಷ್ಟವಿದ್ದದ್ದು ಕೊನೆಯ ನಾನೂರು ಮೀಟರಿನಲ್ಲಿ. ಅಲ್ಲಿ ಪೈಪು ಉದ್ಯಾನದ ನೆಲದಡಿ ಹೋಗುತ್ತದೆ. ಪಂಪಿನ ಸದ್ದು, ರಸ್ತೆಯ ಸದ್ದು, ಮಕ್ಕಳ ಗಲಾಟೆಯ ನಡುವೆ ಕಿವಿಗೆ ಏನೂ ಸಿಗದು. ಬೆಳಿಗ್ಗೆ ಹೂವಿನ ಪಾತಿಗಳಿಗೆ ನೀರು ಬಿಡುವುದರಿಂದ ಎಲ್ಲೆಲ್ಲೂ ಒದ್ದೆ, ಯಾವ ಒದ್ದೆ ಎಲ್ಲಿಯದೆಂದು ಯಾರು ಹೇಳಬೇಕು? ಇಡೀ ಉದ್ಯಾನ ಅಗೆಯಲು ಕಚೇರಿ ಬಿಡುವುದಿಲ್ಲ. ಎಂಟನೇ ದಿನ ಮನೆಯಾಕೆ, ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, "ಪಾತ್ರೆಗಳನ್ನ ಯಾವ ಪೆಟ್ಟಿಗೆಗೆ ತುಂಬಲಿ ರೀ?" ಎಂದು ಕೇಳಿದರು.

ಒಂಬತ್ತನೇ ದಿನ. ಮಧ್ಯಾಹ್ನ ಎರಡು ಗಂಟೆಯ ಸುಡು ಬಿಸಿಲು. ಪಾತಿಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು. ಬೆಟ್ಟ ಇಳಿದು ಬಂದ ಪೈಪಣ್ಣ ಯಾರ ಮುಖವೂ ನೋಡುವುದು ಬೇಡವೆಂದು ಎಲೆಗೊಬ್ಬರದ ಗುಂಡಿಯ ಹಿಂದಿನಿಂದ ಮನೆ ಕಡೆ ಹೊರಟರು. ಗುಂಡಿಗೂ ಗೋಡೆಗೂ ನಡುವೆ ಇರುವ ಆ ಓಣಿಗೆ ಯಾರೂ ಕಾಲಿಡುವುದಿಲ್ಲ. ಅಲ್ಲಿ, ಗೋಡೆಯ ಬುಡದಲ್ಲಿ, ನೆಲಕ್ಕೆ ಬಣ್ಣ ಬಳಿದಂತೆ ಅವು ಕೂತಿದ್ದವು. ನಿಂಬೆಹೋಳುಗಳು ಸಾಲುಸಾಲಾಗಿ. ಗುಮಾಸ್ತರ ದಂಡು. ಚೌಕಾಸಿಗಳು ಏಳುತ್ತ, ಕೂರುತ್ತ. ನಡುವೆ ಬೀಗ್ತಿ.

"ಮೊದಲು ಕಣ್ಣು ತುಂಬ್ತು" ಎನ್ನುತ್ತಾರೆ ಪೈಪಣ್ಣ. "ಬದುಕಿದ್ದಾವಲ್ಲ, ನಾನು ಓಡ್ಸಿದ್ರೂ ಎಲ್ಲೋ ನೆಲೆ ಕಂಡ್ಕೊಂಡಿದ್ದಾವಲ್ಲ ಅಂತ ಹಾಗೇ ನಿಂತ್ಬಿಟ್ಟೆ. ತಲೆ ಓಡಿದ್ದು ಆಮೇಲೆ. ಇಲ್ಲಿಗೆ ಯಾರೂ ನೀರು ಬಿಡಲ್ಲ. ಇಷ್ಟು ಬಿಸಿಲು. ನೆಲ ಯಾಕೆ ಹಸಿ ಇದೆ?"

ಎದ್ದು ಬಿದ್ದು ಕಚೇರಿಗೆ ಓಡಿದರು. ಮೇಡಂ ಬಂದು ನೋಡಿದರು. ನಕ್ಷೆಯ ಪ್ರಕಾರ ಪೈಪು ಅಲ್ಲಿಂದ ಎಂಟು ಅಡಿ ದೂರ.

"ಚಿಟ್ಟೆ ಕೂತಿದೆ ಅಂತ ನೆಲ ಅಗೆಸಿದ್ರೆ ನನ್ನನ್ನ ಏನಂತಾರೆ, ಪೈಪಣ್ಣ?"

"ಮೇಡಂ, ನನ್ನ ಮಾತು ನಂಬಬೇಡಿ. ನಂಬೋ ಹಾಗೆ ನಾನು ನಡ್ಕೊಂಡಿಲ್ಲ. ಇವು ಸುಮ್ಸುಮ್ನೆ ಒಂದು ಕಡೆ ಕೂರಲ್ಲ. ಇಪ್ಪತ್ತಾರು ವರ್ಷದಿಂದ ನೋಡ್ತಿದ್ದೀನಿ. ಇವುನ್ನ ನಂಬಿ."

ಮೇಡಂ ಕುಕ್ಕರುಗಾಲಲ್ಲಿ ಕೂತು ಮಣ್ಣಿಗೆ ಬೆರಳಿಟ್ಟರು. ಬೆರಳು ಗೆಣ್ಣಿನವರೆಗೆ ಇಳಿಯಿತು. "ಗುದ್ದಲಿ ತರಿಸಿ" ಎಂದರು.

ಆಗ ಪೈಪಣ್ಣ ಕೇಳಿದ್ದನ್ನು ಮೇಡಂ ಈಗಲೂ ನೆನೆದು ನಗುತ್ತಾರೆ. "ಅರ್ಧ ಗಂಟೆ ಕೊಡಿ ಮೇಡಂ."

"ಕೆಲಸ ಹೋಗೋಕೆ ಒಂದು ದಿನ ಉಳಿದಿದೆ, ಈಗ ಅರ್ಧ ಗಂಟೆ ಯಾಕ್ರೀ?"

"ನಮ್ಮನೆಯವಳು ಇವುನ್ನ ಒಂದ್ಸಲನೂ ನೋಡಿಲ್ಲ. ಮಂಡಿ ನೋವು, ಬೆಟ್ಟ ಹತ್ತೋಕಾಗಲ್ಲ. ಅಗೆದ್ರೆ ಎದ್ದೋಗ್ತಾವೆ."

ಮನೆಯಾಕೆ ಬಂದರು. ಹೊಲಿಯುತ್ತಿದ್ದ ರವಿಕೆಯ ತೋಳೊಂದು ಹೆಗಲ ಮೇಲೇ ಉಳಿದಿತ್ತು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಮುಂದಕ್ಕೆ ಬಾಗಿ ಒಂದೊಂದನ್ನೇ ನೋಡಿದರು.

"ಬೀಗ್ತಿ ಯಾವುದ್ರೀ?"

"ಅದೋ, ನಡುವಲ್ಲಿ."

"ಥೇಟ್ ನಿಮ್ಮಕ್ಕ. ಕೂತ್ಮೇಲೂ ರೆಕ್ಕೆ ಆಡ್ಸೋದು ನಿಲ್ಸಲ್ಲ." ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮನೆಯಾಕೆ ಗಂಡನ ಕಡೆ ತಿರುಗಿ ಮೆಲ್ಲಗೆ ಅಂದರು: "ಇಷ್ಟು ವರ್ಷ ನೀವು ಬರೀ ಜಂಬ ಕೊಚ್ತೀರ ಅಂದ್ಕೊಂಡಿದ್ದೆ. ಕಮ್ಮೀನೇ ಹೇಳಿದ್ದೀರಿ ಬಿಡಿ."

ಅಗೆದರು. ಆಳುದ್ದ ಹೋಗಬೇಕಾಗಲಿಲ್ಲ, ಸೊಂಟದಷ್ಟು ಆಳಕ್ಕೇ ಗುದ್ದಲಿ ಕಬ್ಬಿಣಕ್ಕೆ ತಾಗಿತು. ನಕ್ಷೆ ಹೇಳಿದ ಕಡೆ ಪೈಪು ಇರಲೇ ಇಲ್ಲ. ಮರದ ಬೇರೊಂದು ಪೈಪನ್ನು ಒತ್ತಿ ಒತ್ತಿ ಸೀಳಿತ್ತು. ಸೀಳಿನಿಂದ ಹೋದ ನೀರು ಗುಂಡಿಯ ಅಡಿಯಿಂದ ನುಸುಳಿ, ಗೊಬ್ಬರದ ಸಾರ ಹೀರಿಕೊಂಡು, ಹಳೆಯ ಕಲ್ಲು ಚರಂಡಿಗೆ ಇಳಿಯುತ್ತಿತ್ತು. ಗೋಡೆಯ ಬುಡದಲ್ಲಿ ಅದರ ಪಸೆ ಮಾತ್ರ. ಮನುಷ್ಯರ ಕಣ್ಣಿಗೆ ಬೀಳದ ಆ ಪಸೆ ಚಿಟ್ಟೆಗಳಿಗೆ ಸಿಕ್ಕಿತ್ತು, ಏಕೆಂದರೆ ಅವುಗಳ ಹಳೆಯ ಜಾಗವನ್ನು ಪೈಪಣ್ಣನೇ ಒಣಗಿಸಿದ್ದರು.

ಸಂಜೆಯ ಹೊತ್ತಿಗೆ ಹೊಸ ತುಂಡು ಕೂತಿತು. ಹತ್ತನೇ ದಿನ ಎರಡು ಮೀಟರೂ ಒಂದೇ ಮಾತು ಹೇಳಿದವು. ಗುತ್ತಿಗೆಯ ಕಾಗದ ವಾಪಸಾಯಿತು. ಪಾತ್ರೆಗಳು ಗೂಡಿನಲ್ಲೇ ಉಳಿದವು. ಆ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದ ಪೈಪಣ್ಣ ಮರುದಿನ ಬೆಳಿಗ್ಗೆ ನಾಲ್ಕಕ್ಕೇ ಎದ್ದಿದ್ದು, ಮಧ್ಯೆ ಒಮ್ಮೆಯೂ ಮಗ್ಗುಲು ಬದಲಿಸಲಿಲ್ಲ ಎಂದು ಮನೆಯಾಕೆ ಸಾಕ್ಷಿ ಹೇಳುತ್ತಾರೆ. ಕಚೇರಿಯ ವರದಿಯಲ್ಲಿ ಸೋರಿಕೆ "ತಾಂತ್ರಿಕ ಪರಿಶೀಲನೆಯಿಂದ" ಪತ್ತೆಯಾಯಿತು ಎಂದಿದೆ. ಓದಿದರೆ ಮೈ ಉರಿಯುತ್ತದೆ. ಪೈಪಣ್ಣನಿಗೆ ಉರಿಯುವುದಿಲ್ಲ. "ಚಿಟ್ಟೆ ಹೇಳ್ತು ಅಂತ ಬರೆದ್ರೆ ಆ ಮೇಡಂ ಹುಡುಗಿ ಕೆಲಸಾನೇ ಹೋಗುತ್ತೆ, ಬಿಡಿ" ಎನ್ನುತ್ತಾರೆ.

ಆದರೆ ಈಗ ಬೆಟ್ಟದ ಮೇಲೂ ಒಣ, ಗೋಡೆಯ ಬುಡದಲ್ಲೂ ಒಣ. ಪೈಪಣ್ಣ ಒಂದು ರಾತ್ರಿ ಕೂತು, ತಪ್ಪುಗಳ ಸಮೇತ ಅರ್ಜಿ ಬರೆದರು. ಮುನ್ನೂರ ಹನ್ನೆರಡರಲ್ಲಿ ದಿನಕ್ಕೆ ಎರಡು ಕೊಡ ನೀರು ಹನಿಯಲು ಅಪ್ಪಣೆ ಬೇಕು. ಮೇಡಂ ಎರಡು ಸಲ ಓದಿದರು, ಮಡಚಿ ವಾಪಸ್ ಕೈಗಿಟ್ಟರು.

"ಇದು ನನ್ನ ಟೇಬಲ್ಲಿಗೆ ಬಂದ್ರೆ ನಾನು ಆಗಲ್ಲ ಅಂತ ಬರೀಬೇಕಾಗುತ್ತೆ. ಬಂದಿಲ್ಲ ಅಂದ್ಕೊಳ್ಳಿ. ನಂಗೇನೂ ಗೊತ್ತಿಲ್ಲ."

ಮುಖ ಸಣ್ಣದು ಮಾಡಿಕೊಂಡು ಹೊರಬಂದ ಪೈಪಣ್ಣನಿಗೆ ಅದರ ಅರ್ಥ ಹೊಳೆದದ್ದು ಬೆಟ್ಟದ ದಾರಿಯಲ್ಲಿ ಅರ್ಧ ನಡೆದ ಮೇಲೆ. ಅಲ್ಲೇ ಕಲ್ಲಿನ ಮೇಲೆ ಕೂತು ಒಬ್ಬರೇ ನಕ್ಕರಂತೆ.

ಈಗ ಒಂಬತ್ತು ಗಂಟೆ. ಬಿಸಿಲು ಏರಿದೆ. ಮುನ್ನೂರ ಹನ್ನೆರಡರ ಬೋಲ್ಟು ಸಡಿಲಿಸಿ, ಮಣ್ಣು ಹಸಿಯಾಗಿ ನಾಲ್ಕು ದಿನವಾಗಿದೆ. ಸದ್ಯಕ್ಕೆ ಬಂದಿರುವುದು ಹನ್ನೊಂದು ನಿಂಬೆಹೋಳು, ಒಂದು ಚೌಕಾಸಿ. ಪೈಪಣ್ಣ ಬುತ್ತಿಯ ಮುಚ್ಚಳ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಹನಿಗಳ ನಡುವಿನ ಹೊತ್ತನ್ನು ಬಾಯಲ್ಲೇ ಎಣಿಸುತ್ತಾರೆ. ಒಂದು ಬೋಲ್ಟಿಗೆ ಸ್ಪ್ಯಾನರು ಹಾಕಿ, ಕೂದಲೆಳೆಯಷ್ಟು ಬಿಗಿ ಮಾಡಿ, ಮತ್ತೆ ಎಣಿಸುತ್ತಾರೆ. ಈ ಸಲ ಲೆಕ್ಕ ಸರಿಹೋದಂತಿದೆ.

"ಐನೂರ ಎಂಬತ್ಮೂರರಲ್ಲಿ ಸೋರೋದು ಇದೊಂದೇ" ಎನ್ನುತ್ತಾರೆ, ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತ. "ಇದೂ ಅಷ್ಟೆ, ನಾನು ಹೇಳಿದಷ್ಟೇ ಸೋರುತ್ತೆ."