ಕುಲಾವಿಯ ಮೇಲೆ ನೀಲಿ ಹನಿ

ಶಹಾಬಾದಿನಲ್ಲಿ ಗುರುಲಿಂಗಯ್ಯನವರ ಕಲ್ಲಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಸರ್ವರಬೇಗಂಗೆ ಬಿಳಿ ಬಟ್ಟೆಯ ಹುಚ್ಚು. ಗಂಡ ಜಿಲಾನಿ ಸಿಮೆಂಟ್ ಕಾರ್ಖಾನೆಯಿಂದ ಬೂದಿಯಲ್ಲಿ ಹೊರಳಿದವನಂತೆ ಬರುತ್ತಿದ್ದ. ಮರುದಿನ ಅದೇ ಅಂಗಿ ಮಲ್ಲಿಗೆಯಂತಾಗಿ ಹೊರಡಬೇಕು. ಬಚ್ಚಲು ಇಕ್ಕಟ್ಟೆಂದು ಅವಳು ಫರಸಿಕಲ್ಲು ಹಾಸಿದ ನಡುಮನೆಯಲ್ಲೇ ಬಟ್ಟೆ ಒಗೆದು, ನೀಲಿಯಲ್ಲಿ ಅದ್ದಿ ಹಿಂಡುತ್ತಿದ್ದಳು.

ಕೆಳಮನೆಯಲ್ಲಿ ಮಹಾದೇವಮ್ಮ, ಅವಳ ಬಾಣಂತಿ ಮಗಳು. ಸೋಮವಾರ ಕೂಸಿಗೆ ಹೆಸರಿಡಬೇಕು. ತೊಟ್ಟಿಲು ಕಟ್ಟಲು ಇದ್ದದ್ದು ಒಂದೇ ಕೊಂಡಿ. ಅದರ ಪಕ್ಕದಲ್ಲೇ ನೀರು ತೊಟ್ಟಿಕ್ಕತೊಡಗಿತು.

"ಸಾವ್ಕಾರ್ರ, ಮಾಳಿಗಿ ಸೋರ್ಲಾಕತ್ತಾದ. ತೊಟ್ಲಾ ಎಲ್ಲಿ ಕಟ್ಲಿ?" ಎಂದು ಮಹಾದೇವಮ್ಮ ಮನೆಮಾಲೀಕರನ್ನು ಕರೆಸಿದಳು.

"ಮಾಳಿಗಿ ನಂದು ಖರೆ, ನೀರ್ ನಂದಲ್ಲ. ಮ್ಯಾಲಿನವರಿಗಿ ಕೇಳ್ರಿ" ಎಂದರು ಗುರುಲಿಂಗಯ್ಯ.

ಮಹಡಿಯಿಂದಲೇ ಸರ್ವರಬೇಗಂ ದನಿ ಏರಿಸಿದಳು: "ನಳದ ಪೈಪ್ ಒಡದಿರ್ತಾದ್ರಿ. ಪೈಪ್ ಯಾರ್ದು? ನಿಮ್ದು!"

ಮಾತು ಮೆಟ್ಟಿಲು ಹತ್ತಿ ಇಳಿಯಿತು. ನೀರು ಮಾತ್ರ ಇಳಿಯುತ್ತಲೇ ಇತ್ತು.

ಜಗಳವೇನೋ ಆಯಿತು, ಆದರೆ ಸರ್ವರಬೇಗಂಗೆ ಕೂಸಿನದೇ ಚಿಂತೆ. ತೇವದ ಮನೆ, ಎಳೆ ಎದೆ, ನೆಗಡಿಯಾದರೆ? ಶನಿವಾರ ಮಧ್ಯಾಹ್ನ ಬಟ್ಟೆ ಹರವಿದವಳೇ, ತಾನೇ ಹೊಲಿದ ಬಿಳಿ ಕುಲಾವಿ ಹಿಡಿದು ಕೆಳಗಿಳಿದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಲಾವಿ ತೊಡಿಸಿದಳೋ ಇಲ್ಲವೋ, ಮೇಲಿನಿಂದ ಟಪ್ಪೆಂದು ಹನಿ ಬಿತ್ತು. ಬಿಳಿ ಬಟ್ಟೆಯ ಮೇಲೆ ನೀಲಿ ಹರಡಿತು.

ಮಹಾದೇವಮ್ಮ ಬಗ್ಗಿ ನೋಡಿದಳು. "ಸರ್ವರಬೀ, ನಳಕ್ಕ ನೀಲಿ ಯಾವಾಗಿಂದ ಬರ್ಲಾಕತ್ತಾದ?"

ಸರ್ವರಬೇಗಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ತಡೆಯಲಾಗಲಿಲ್ಲ. "ಹೋಗ್ಲಿ ಬಿಡಕ್ಕಾ, ನೀರು ನಂದೇ. ರಿಪೇರಿನೂ ನಂದೇ."

ಸುದ್ದಿ ಕೇಳಿದ ಗುರುಲಿಂಗಯ್ಯ ಮೇಲೆ ಬಂದು, ಕಲ್ಲುಗಳ ನಡುವೆ ಗಾರೆ ಕಿತ್ತುಹೋದ ಸಂದಿಯಲ್ಲಿ ಬೆರಳಾಡಿಸಿದರು. "ಸಂದಿ ಬಿಟ್ಟದ್ದು ನನ್ನ ಕಲ್ಲು. ಸಿಮೆಂಟ್ ನಾ ಕೊಡ್ತೀನಿ, ಕೈ ನಿಮ್ದಿರ್ಲಿ" ಎಂದರು.

ಜಿಲಾನಿ ಅಂದೇ ಸಂಜೆ ಕೂತು ಸಂದಿ ತುಂಬಿದ. "ದಿನಾ ಸಿಮೆಂಟ್ ಮೈಮ್ಯಾಲ ತರ್ತಿದ್ದೆ, ಒಮ್ಮೆ ಕೈಯಾಗ ತಂದಿದ್ರ ಸೋರ್ತಿದ್ದಿಲ್ಲ" ಎಂದು ಹೆಂಡತಿಯನ್ನು ನಗಿಸಿದ. ಮರುದಿನದಿಂದ ಸರ್ವರಬೇಗಂ ಅಂಗಳದ ಬಂಡೆಯ ಮೇಲೆ ಬಟ್ಟೆ ಒಗೆಯತೊಡಗಿದಳು. ಮಹಾದೇವಮ್ಮ ಹೊಸ್ತಿಲಲ್ಲಿ ಕೂತು ಮಾತಿಗೆ ಜೊತೆಯಾದಳು.

ಸೋಮವಾರ ಅದೇ ಕೊಂಡಿಗೆ ತೊಟ್ಟಿಲು ತೂಗಿತು. ತೊಟ್ಟಿಲ ಕೆಳಗಿಂದ ಕೂಸನ್ನು ದಾಟಿಸುವಾಗ ಮಹಾದೇವಮ್ಮ ಸರ್ವರಬೇಗಂಳ ಕೈಗೇ ಕೊಟ್ಟಳು. ಅವಳು ಒಮ್ಮೆ ಮಾಳಿಗೆ ನೋಡಿದಳು. ಒಣಗಿತ್ತು. ಕುಲಾವಿಯ ಕಲೆ ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

"ಇರ್ಲಿ ಬಿಡು" ಎಂದಳು ಮಹಾದೇವಮ್ಮ, "ದೃಷ್ಟಿಬೊಟ್ಟು ಇಟ್ಟಂಗ ಆಯ್ತು."