ಹರಕೆಯ ದಿನ ಮೊಸರು-ಸಕ್ಕರೆ

“ಖಾ ಲೇ ಬೇಟಾ,” ಎನ್ನುತ್ತಾ ಗುರುತಿಲ್ಲದ ಗುಜರಾತಿ ಹೆಂಗಸೊಬ್ಬರು ಮೊಸರು-ಸಕ್ಕರೆಯ ಚಮಚವನ್ನು ನನ್ನ ಬಾಯಿಯ ಹತ್ತಿರ ತಂದರು. ತೊಂಬತ್ತರ ದಶಕ, ವಡೋದರಾದಲ್ಲಿ ಹನ್ನೆರಡನೇ ಕ್ಲಾಸಿನ ಗಣಿತ ಪರೀಕ್ಷೆ. ಗೇಟಿನ ಬಳಿ ಶುಭಶಕುನಕ್ಕೆಂದು ತಮ್ಮ ಮಗನಿಗೆ ತಿನ್ನಿಸಿ, ಪಕ್ಕದಲ್ಲಿದ್ದ ನನ್ನ ಕಡೆಗೂ ತಿರುಗಿದ್ದರು. ಟ್ಯೂಷನ್ ಇಲ್ಲದೆ ನಾನೇ ಓದಿಕೊಂಡಿದ್ದೆನಲ್ಲ, ನನ್ನ ಅಮ್ಮನಿಗೆ ಭಯ. ಪೇಪರ್ ಮುಗಿಯುವ ತನಕ ಮಗ ಏನೂ ತಿನ್ನುವುದಿಲ್ಲ ಎಂದು ದೇವರಿಗೆ ಹರಕೆ ಹೊತ್ತಿದ್ದರು. ತಿಂದರೆ ಹರಕೆ ಮುರಿಯುತ್ತದೆ, ಬೇಡವೆಂದರೆ ಇವರಿಗೆ ಅಪಶಕುನ. ಏನು ಮಾಡಬೇಕೋ ತಿಳಿಯದೆ ನಿಂತೆ.

“ತಿಂದ್ಬಿಡು ಯಾರ್, ಇಲ್ದಿದ್ರೆ ಮಮ್ಮಿ ಎಕ್ಸಾಮ್ ಹಾಲ್ ಒಳಗೂ ಬರ್ತಾಳೆ,” ಎಂದು ಅವರ ಮಗ ಹಿಂದಿಯಲ್ಲಿ ಗೊಣಗಿದ. ಬಾಯಿ ತೆರೆದೆ. ಸಂಜೆ ಅಮ್ಮನಿಗೆ ಹೇಳಿದೆ.

ರಿಸಲ್ಟ್ ಬಂತು, ಪಾಸಾದೆ. ಹರಕೆ ಮುರಿದೂ ಇದು ಹೇಗಾಯಿತೆಂದು ನನಗೆ ಇವತ್ತಿಗೂ ಗೊಂದಲ. ಅಮ್ಮ ಅವತ್ತು ಕೇಳಿದ್ದೇ ಬೇರೆ: “ಆ ಹುಡುಗ ಪಾಸಾದ್ನಾ? ಹೆಸರಾದ್ರೂ ಕೇಳ್ಲಿಕ್ಕಾಗ್ಲಿಲ್ವಾ ನಿಂಗೆ?”